ಒಂದೂವರೆಯ ಫೋನು

ಸಾಹೇಬರ ಬಲಗಿವಿಯ ಮಡಿಕೆಯಲ್ಲಿ ಅತ್ತರು ಅದ್ದಿದ ಹತ್ತಿಯ ಸಣ್ಣ ಉಂಡೆಯೊಂದು ಯಾವಾಗಲೂ ಇರುತ್ತಿತ್ತು. ಎಡಗಿವಿಯಲ್ಲಿ ಇರುತ್ತಿರಲಿಲ್ಲ. ಎಡಗಿವಿ ಕೆಲಸದ ಕಿವಿ. ಅದರ ಅಂಚಿನ ತುಂಬ ಬಿಳಿ ಕೂದಲು ಬೆಳೆದಿತ್ತು. ಮೇಜಿನ ಮೇಲಿನ ಕರಿ ಪೆಟ್ಟಿಗೆ ಕಿರುಚಲು ಶುರುಮಾಡಿದ ತಕ್ಷಣ ಅವರು ಕುರ್ಚಿಯಲ್ಲೇ ವಾಲಿ, ಒಲೆಯ ಮೇಲೆ ಹಾಲಿಟ್ಟು ಬಂದವರ ಹಾಗೆ, ಆ ಕಿವಿಯನ್ನು ಅತ್ತ ಒಡ್ಡುತ್ತಿದ್ದರು. ಕಿರುಚಾಟ ನಿಂತ ಮೇಲೆ ಊರಿನ ಹೆಸರು ಹೇಳುತ್ತಿದ್ದರು.

"ಚಿಂತಾಮಣಿ. ಅಲ್ಲಿ ಮಳೆ ಬರ್ತಿದೆ."

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದು ಬೂಟಾಟಿಕೆ ಎಂದುಕೊಂಡು ಕದ್ದು ಚಿಂತಾಮಣಿಗೆ ಫೋನು ಮಾಡಿ ವಿಚಾರಿಸಿದ್ದೆ. ಅಲ್ಲಿ ನಿಜಕ್ಕೂ ಮಳೆ ಬರುತ್ತಿತ್ತು. ಫೋನಿಟ್ಟು ತಿರುಗಿದರೆ ಸಾಹೇಬರು ಕನ್ನಡಕದ ಮೇಲಿನಿಂದ ನನ್ನನ್ನೇ ನೋಡುತ್ತಿದ್ದರು. "ಕೊಡೆ ತಗೊಂಡಿದಾರಂತಾ?" ಎಂದು ಕೇಳಿದರು.

ಹಲಸೂರಿನ ಬಜಾರು ಬೀದಿಯಲ್ಲಿ, ಪಾತ್ರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಕೆಳಗೆ ಹಿತ್ತಾಳೆ ಕೊಡಗಳನ್ನು ಬಡಿದು ನೋಡುವ ಗಿರಾಕಿಗಳು, ಮೇಲೆ ನಾವು ಆರು ಜನ. ದಾವಣಗೆರೆಯಿಂದ ಬಂದ ನಾನು ಜೋಗುಪಾಳ್ಯದಲ್ಲಿ ಒಂದು ಕೋಣೆ ಹಿಡಿದು ದಿನಾ ನಡೆದೇ ಬರುತ್ತಿದ್ದೆ. ದೂರದ ಊರುಗಳ ಔಷಧಿ ದಾಸ್ತಾನಿನ ತಣ್ಣನೆಯ ಕೋಣೆಗಳನ್ನು ಇಲ್ಲಿಂದಲೇ ಕಾಯುವುದು ನಮ್ಮ ಕಂಪನಿಯ ಕೆಲಸ. ಒಂದೊಂದು ಕೋಣೆಯಲ್ಲೂ ಒಂದು ಹಳೆಯ ಕಂಪ್ಯೂಟರು. ತನಗೆ ಗೊತ್ತುಮಾಡಿದ ಹೊತ್ತಿಗೆ ಅದು ಟೆಲಿಫೋನ್ ಲೈನಿನಲ್ಲಿ ನಮ್ಮ ಕಂಪ್ಯೂಟರಿಗೆ ಫೋನು ಮಾಡಿ, ಒಳಗೆ ಎಷ್ಟು ತಂಪಿದೆ ಎಂದು ಹೇಳಿ ಇಟ್ಟುಬಿಡಬೇಕು. ಕಂಪ್ಯೂಟರಿನ ಮಾತನ್ನು ಸದ್ದಾಗಿ, ಸದ್ದನ್ನು ಮಾತಾಗಿ ಮಾಡುವುದು ಆ ಕಿರುಚುವ ಕರಿ ಪೆಟ್ಟಿಗೆ, ಮೋಡೆಮ್. ಊರೆಲ್ಲ ಬೇರೆ ಬೇರೆ ಬಗೆಯ ಇಂಟರ್ನೆಟ್ ಬಂದ ಮೇಲೂ ಈ ಕೋಣೆಗಳಿಗೆ ನಂಬುವಂಥದ್ದು ಹಳೆಯ ಟೆಲಿಫೋನ್ ತಂತಿಯೇ ಆಗಿತ್ತು. ಹಾಗಾಗಿ ಸಾಹೇಬರು ಇದ್ದರು.

ಫೋನು ಎತ್ತಲು ನಮ್ಮ ಕಡೆ ಮನುಷ್ಯರಿರಲಿಲ್ಲ, ಒಂದು ಪ್ರೋಗ್ರಾಮ್ ಇತ್ತು. ಇಂಥದ್ದಕ್ಕೆ ಡೀಮನ್ ಎನ್ನುತ್ತಾರೆ. ಚಿತ್ರ, ಬಟನ್ನು ಎಂಥದೂ ಇಲ್ಲ. ಕರಿ ಪರದೆಯ ಮೇಲೆ ಒಂದು ಸಾಲು ಆಜ್ಞೆ ಟೈಪು ಮಾಡಿ ಎಂಟರ್ ಒತ್ತಿದರೆ ಅದು ಮರೆಗೆ ಸರಿದು ಕೂತುಬಿಡುತ್ತದೆ. ಫೋನು ಬಂದರೆ ಎತ್ತುತ್ತದೆ, ಮಾಡು ಎಂದರೆ ಮಾಡುತ್ತದೆ, ಮುಗಿದರೆ ಇಡುತ್ತದೆ. ಸಾಹೇಬರು ಅದನ್ನು ಚೌಕಿದಾರ ಎಂದು ಕರೆಯುತ್ತಿದ್ದರು. "ಹೇಳಿದ್ದು ಮಾಡ್ತಾನೆ ಕಣಮ್ಮಾ. ಹೇಳಿದ್ದಷ್ಟೇ ಮಾಡ್ತಾನೆ. ಅದೇ ಅವನ ಗುಣ, ಅದೇ ಅವನ ರೋಗ" ಎನ್ನುತ್ತಿದ್ದರು.

ಅವರು ಶಿವಾಜಿನಗರದ ಗಲ್ಲಿಯೊಂದರಲ್ಲಿ ಹುಟ್ಟಿ ಬೆಳೆದವರು. ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ತಮಿಳು, ನಮ್ಮ ಜೊತೆ ಕನ್ನಡ, ಕಂಪ್ಯೂಟರು ಕೈಕೊಟ್ಟಾಗ ಮಾತ್ರ ಇಂಗ್ಲಿಷು. ನನ್ನ 'ಹೌದ್ರಿ, ಇಲ್ರಿ' ಕೇಳಿ ಅವರಿಗೆ ಭಾರಿ ಖುಷಿ. "ನಿಮ್ಮೂರಲ್ಲಿ ಬೈಯೋವಾಗ್ಲೂ ರಿ ಅಂತೀರಾ?" ಎಂದು ಕೆಣಕುತ್ತಿದ್ದರು. ಅಂತೀವ್ರಿ ಎಂದರೆ ಹೊಟ್ಟೆ ಕುಲುಕಿಸಿ ನಗುತ್ತಿದ್ದರು.

ಕೆಲಸ ಕಲಿಸುವುದರಲ್ಲಿ ಅವರದೊಂದು ಹಟ. ಬೇರೆಯವರ ತಪ್ಪನ್ನು ತಮ್ಮ ಕೈಯಾರೆ ತಿದ್ದುತ್ತಿರಲಿಲ್ಲ. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂದೆ ಪೆನ್ಸಿಲಿನಲ್ಲಿ ಪಾಠ ಬರೆದು, ತಪ್ಪು ಮಾಡಿದವರ ಮುಂದಿಟ್ಟು ಕೈ ಕಟ್ಟಿ ಕೂರುತ್ತಿದ್ದರು. ಯಜಮಾನರು ಬಂದು ಅವಸರ ಮಾಡಿದರೂ ಅಷ್ಟೆ. "ತಪ್ಪು ಮಾಡಿದ ಬೆರಳೇ ತಿದ್ಬೇಕು ಸರ್. ಇಲ್ಲಾಂದ್ರೆ ಆ ಬೆರಳಿಗೆ ಗೊತ್ತಾಗೋದು ಹೇಗೆ?" ಇನ್ನೊಂದು ಹಟ, ತಪ್ಪನ್ನು ನಾಲ್ಕು ಜನರ ಎದುರು ಹೇಳುತ್ತಿರಲಿಲ್ಲ. ಎಲ್ಲರೂ ಕಾಫಿಗೆ ಇಳಿದು ಹೋದ ಮೇಲೆ ಹಾಳೆ ಬರುತ್ತಿತ್ತು. ನನ್ನ ಹತ್ತಿರ ಅಂಥ ಹಾಳೆಗಳ ಒಂದು ಕಟ್ಟೇ ಇದೆ. ಎಷ್ಟು ತಪ್ಪು ಮಾಡುತ್ತಿದ್ದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ನಾನು ಸೇರಿ ಎರಡು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಪರದೆಯ ಮುಂದೆ ನಾನೇ ಕೂತಿದ್ದೆ. ಎಲ್ಲ ಸರಿಯಾಗಿತ್ತು. ಸಾಹೇಬರು ಕಿಟಕಿಯ ಹತ್ತಿರ ಚಹಾ ಆರಿಸಿಕೊಳ್ಳುತ್ತ ನಿಂತಿದ್ದವರು ಇದ್ದಕ್ಕಿದ್ದಂತೆ ತಿರುಗಿದರು.

"ಹಿರಿಯೂರು ಬರ್ಲಿಲ್ಲ."

"ಎರರ್ ಏನೂ ಬಂದಿಲ್ರಿ ಸಾಹೇಬ್ರೆ."

"ಫೋನೇ ಬಂದಿಲ್ಲ ಅಂದ್ಮೇಲೆ ಎರರ್ ಎಲ್ಲಿಂದ ಬರುತ್ತೆ? ಹನ್ನೊಂದು ಗಂಟೆಗೆ ಹಿರಿಯೂರು. ಈಗ ಹನ್ನೊಂದೂ ಹತ್ತು."

ಅವರೇ ಫೋನು ಹಚ್ಚಿದರು. ಹಿರಿಯೂರಿನಲ್ಲಿ ಕರೆಂಟು ಹೋಗಿತ್ತು, ಜನರೇಟರು ಹತ್ತಿರಲಿಲ್ಲ, ಅಲ್ಲಿದ್ದವರಿಗೆ ಅದು ಗೊತ್ತೇ ಇರಲಿಲ್ಲ. ಔಷಧಿಗಳನ್ನು ಐಸ್ ಪೆಟ್ಟಿಗೆಗೆ ಸಾಗಿಸುವಷ್ಟು ಸಮಯ ಸಿಕ್ಕಿತು. ಸಂಜೆ ಯಜಮಾನರು ಬಂದು, ಯಾರು ನೋಡಿದ್ದು ಎಂದು ಕೇಳಿದಾಗ ನಾನು ತಲೆ ತಗ್ಗಿಸಿದೆ. ಸಾಹೇಬರು ತಮ್ಮ ಟಿಫಿನ್ ಡಬ್ಬಿ ಒರೆಸುತ್ತ, "ನಾವಿಬ್ರೂ ನೋಡಿದ್ವಿ" ಎಂದರು. ಯಜಮಾನರು ಹೋದ ಮೇಲೆ ಕ್ಯಾಲೆಂಡರಿನ ಹಾಳೆ ಬಂತು. ಒಂದೇ ಸಾಲು. 'ಬಾರದ ಫೋನೂ ಫೋನೇ.'

ನನ್ನ ಕೆಲಸ ಅವತ್ತು ಉಳಿದದ್ದು ಆ 'ನಾವಿಬ್ರೂ' ಎನ್ನುವ ಮಾತಿನಿಂದ. ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ನನಗಾಗಿ ಅದೊಂದನ್ನು ಹೇಳಿದ್ದರು.

ಅವರ ಹೆಂಡತಿಗೆ ಲಕ್ವ ಹೊಡೆದದ್ದು ಅದರ ಮಾರನೆಯ ವರ್ಷ. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಶಿವಾಜಿನಗರದ ಮನೆ ಎರಡನೆಯ ಮಹಡಿಯಲ್ಲಿತ್ತು, ಮೆಟ್ಟಿಲು ಕಡಿದಾಗಿದ್ದವು. ಆಕೆಯನ್ನು ಹತ್ತಿಸಿ ಇಳಿಸುವುದು ಆಗದ ಮಾತಾದಾಗ ಸಾಹೇಬರು ಕಗ್ಗದಾಸಪುರದಲ್ಲಿ ನೆಲಮಹಡಿಯ ಮನೆ ಹಿಡಿದರು. ಹೊಸ ಜಾಗ. ಮೇಲೆ ಮೂರು ಅಂತಸ್ತು ತುಂಬ ಆಫೀಸುಗಳಿಗೆ ಹೋಗಿಬರುವ ಬಾಡಿಗೆಯವರು. ಒಬ್ಬರ ಮುಖ ಇನ್ನೊಬ್ಬರಿಗೆ ಗೊತ್ತಾಗುವುದರೊಳಗೆ ಮನೆ ಬದಲಾಯಿಸುವವರು. ಹಗಲು ನೋಡಿಕೊಳ್ಳಲು ಒಬ್ಬ ಹೆಂಗಸು ಬರುತ್ತಿದ್ದಳು, ಆದರೂ ಸಾಹೇಬರ ಜೀವ ಆಫೀಸಿನಲ್ಲಿ ನಿಲ್ಲುತ್ತಿರಲಿಲ್ಲ.

ಅದಕ್ಕೆ ಅವರು ಕಂಡುಕೊಂಡ ದಾರಿ ಅವರಿಗೇ ಸರಿ. ಆಫೀಸು ಎಸೆಯಲಿದ್ದ ಕಂಪ್ಯೂಟರು, ಮೋಡೆಮ್ ಕೇಳಿ ತೆಗೆದುಕೊಂಡು ಹೋಗಿ ಮಂಚದ ಪಕ್ಕದ ಮೇಜಿನ ಮೇಲಿಟ್ಟರು. ಕೀಲಿಮಣೆಯ ಒಂದೇ ಒಂದು ಬಟನ್ನಿಗೆ ಕೆಂಪು ಉಗುರುಬಣ್ಣದ ಬೊಟ್ಟು ಇಟ್ಟರು. ಊಟವಾದ ಮೇಲೆ ಆಕೆ ಎಡಗೈಯಲ್ಲಿ ಆ ಬಟನ್ ಒತ್ತಿದರೆ ಮನೆಯ ಡೀಮನ್ ಆಫೀಸಿಗೆ ಫೋನು ಮಾಡುತ್ತಿತ್ತು. ನಮ್ಮ ಪರದೆಯ ಮೇಲೆ ಒಂದೇ ಪದ ಮೂಡುತ್ತಿತ್ತು, ಖೈರಿಯತ್. ಕ್ಷೇಮ ಎಂದು. ಅಷ್ಟು ಹೇಳಿ ಡೀಮನ್ ಫೋನಿಟ್ಟು ತಾನೂ ಮಲಗಿಬಿಡುತ್ತಿತ್ತು. ನಾಳೆ ಮತ್ತೆ ಬೆರಳು ಒತ್ತಿದರೇ ಏಳುವುದು.

ಒಂದೂವರೆಯ ಆಸುಪಾಸಿಗೆ ಆ ಫೋನು ಬರುತ್ತಿತ್ತು. ಒಂದು ದಿನ ಐದು ನಿಮಿಷ ಮೊದಲು, ಒಂದು ದಿನ ಹತ್ತು ನಿಮಿಷ ತಡ. ತಡವಾದರೆ "ಇವತ್ತು ಸಿಟ್ಟಲ್ಲಿದಾಳೆ" ಎನ್ನುವರು, ಬೇಗ ಬಂದರೆ "ಅಡುಗೆ ಚೆನ್ನಾಗಿರ್ಬೇಕು" ಎನ್ನುವರು. ಆ ಕಿರುಚಾಟ ಕೇಳುವವರೆಗೆ ಡಬ್ಬಿಯ ಮುಚ್ಚಳ ತೆಗೆಯುತ್ತಿರಲಿಲ್ಲ. ಕೇಳಿದ ಮೇಲೆ "ಮನೆಯಿಂದ ಬಂತು, ಬಿಸ್ಮಿಲ್ಲಾ" ಎಂದು ತೆಗೆಯುವರು. ನಾವೂ ಆಮೇಲೆಯೇ ಉಣ್ಣುತ್ತಿದ್ದೆವು. ಆಫೀಸಿಗೆ ಆಫೀಸೇ ಒಬ್ಬ ಹೆಂಗಸಿನ ಎಡಗೈ ಬೆರಳಿಗಾಗಿ ಹಸಿದು ಕೂತಿರುತ್ತಿತ್ತು.

ಮೂರು ವರ್ಷ ಹೀಗೆ ನಡೆಯಿತು. ಒಂದು ಭಾನುವಾರ, ಸಾಹೇಬರು ಎದುರಿಗಿದ್ದಾಗಲೇ ಆಕೆ ತೀರಿಕೊಂಡರು. ಅವರು ಮತ್ತೆ ಕೆಲಸಕ್ಕೆ ಬಂದ ದಿನ ಒಂದೂವರೆ ಆಯಿತು, ಎರಡಾಯಿತು. ಡಬ್ಬಿ ಎದುರಿಗಿತ್ತು. ಊಟ ಮಾಡ್ರಿ ಎಂದು ನಾನೇ ಹೋಗಿ ಹೇಳಿದೆ. "ಮಾಡ್ತೀನಮ್ಮಾ" ಎಂದರು. ಮೂರು ಗಂಟೆಗೆ ತೆಗೆದರು. ಆ ವರ್ಷದ ಕೊನೆಗೆ ಕೆಲಸದಿಂದ ನಿವೃತ್ತರಾದರು.

ಅವರು ಕೆಲಸ ಬಿಟ್ಟ ಮಾರನೆಯ ದಿನ ನಾನು ಅವರ ಕುರ್ಚಿಯಲ್ಲಿ ಕೂತು ಒಬ್ಬಳೇ ಊಟದ ಡಬ್ಬಿ ತೆಗೆಯುತ್ತಿದ್ದೆ. ಮೋಡೆಮ್ ಕಿರುಚಿತು. ಆ ಹೊತ್ತಿಗೆ ಯಾವ ಊರಿನದೂ ಇರಲಿಲ್ಲ. ಪರದೆಯ ಮೇಲೆ ಖೈರಿಯತ್ ಎಂದು ಮೂಡಿತು. ನನ್ನ ಮೈ ಜುಮ್ಮೆಂದಿತು. ಆಮೇಲೆ ನಗು ಬಂತು, ಆಮೇಲೆ ಅಳು. ಫೋನು ಮಾಡಿದರೆ ಸಾಹೇಬರು, "ನಾನೇ ಕಣಮ್ಮಾ. ಊಟ ಆಯ್ತಾ?" ಎಂದರು.

ಅಲ್ಲಿಂದ ಅದು ನಮ್ಮಿಬ್ಬರ ಕಟ್ಟಳೆಯಾಯಿತು. ಮಗಳನ್ನು ಹೊಸೂರಿಗೆ ಕೊಟ್ಟಿದ್ದರು, ಆಕೆ ವಾರಕ್ಕೊಮ್ಮೆ ಮಾತಾಡುತ್ತಿದ್ದಳು. ದಿನಾ ವಿಚಾರಿಸಲು ಇದ್ದದ್ದು ನಾನು. ಮನೆಯ ಇನ್ನೊಂದು ಬೀಗದ ಕೈಗೆ ಕೆಂಪು ದಾರ ಕಟ್ಟಿ ನನ್ನ ಕೈಗಿಟ್ಟರು. "ಫೋನ್ ಬಂದ್ರೆ ಊಟ ಮಾಡು. ಬರ್ಲಿಲ್ಲಾಂದ್ರೆ ಬಂದು ಬಾಗಿಲು ತೆಗಿ." ಅದನ್ನು ನಾನು ಮೋಡೆಮ್ ಪಕ್ಕದ ಡ್ರಾಯರಿನಲ್ಲಿ ಇಟ್ಟುಕೊಂಡೆ.

ಎರಡು ಸಲ ಫೋನು ಬರಲಿಲ್ಲ. ಎರಡು ಸಲವೂ ನಾನು ಡಬ್ಬಿ ಬಿಟ್ಟು, ಬೀಗದ ಕೈ ಹಿಡಿದು, ಮೆಟ್ರೋದಲ್ಲಿ ಬೈಯಪ್ಪನಹಳ್ಳಿಗೆ, ಅಲ್ಲಿಂದ ಆಟೋದಲ್ಲಿ ಕಗ್ಗದಾಸಪುರಕ್ಕೆ ಓಡಿದೆ. ಎರಡು ಸಲವೂ ಸಾಹೇಬರು ಬನಿಯನ್ನಿನಲ್ಲಿ ನಿಂತು ಚಹಾ ಕುದಿಸುತ್ತಿದ್ದರು, ಸೈಲೆಂಟಿಗೆ ಹಾಕಿದ ಮೊಬೈಲು ಮಂಚದ ಮೇಲೆ ಬಿದ್ದಿರುತ್ತಿತ್ತು. ರಸ್ತೆ ಅಗೆದು ಲೈನು ಕೆಟ್ಟಿತ್ತು, ಮಾತಿನ ಮಧ್ಯೆ ಕಡಿದುಹೋಗುತ್ತಿತ್ತು. ಎರಡನೆಯ ಸಲ ಆಫೀಸಿಗೆ ವಾಪಸು ಬಂದಾಗ ಯಜಮಾನರ ಮುಖ ಗಂಟಿಕ್ಕಿತ್ತು. "ದಿನಾ ಹೀಗೆ ಓಡಿದ್ರೆ ಇಲ್ಲಿ ಫೋನು ನೋಡೋರ್ಯಾರು?" ಎಂದರು.

ಮುಂದಿನ ಭಾನುವಾರ ಸಾಹೇಬರ ಮನೆಗೆ ಹೋದೆ. ಅವರ ಕಣ್ಣಿಗೆ ಪೊರೆ ಬರುತ್ತಿತ್ತು, ಪರದೆ ಓದುವುದು ಕಷ್ಟವಾಗಿತ್ತು. ಅವರು ಅಡುಗೆಮನೆಯಲ್ಲಿ ನಿಂಬೆ ಹಿಂಡುತ್ತಿರುವಾಗ ನಾನು ಕಂಪ್ಯೂಟರಿನ ಮುಂದೆ ಕೂತೆ. ಆ ಡೀಮನ್ನಿಗೆ ಕೊಡಬಹುದಾದ ಆಜ್ಞೆಗಳಲ್ಲಿ 'ಪರ್ಸಿಸ್ಟ್' ಎನ್ನುವುದೊಂದು. ಪಟ್ಟು ಬಿಡಬೇಡ ಎಂದು ಅರ್ಥ. ಕಡಿದುಹೋದರೆ ತಾನಾಗಿಯೇ ಮತ್ತೆ ಫೋನು ಮಾಡುತ್ತದೆ. ಆ ಪದ ಸೇರಿಸಿ, ಒಂದೂ ಇಪ್ಪತ್ತರ ಸುಮಾರಿಗೆ ಪರೀಕ್ಷೆಗೆಂದು ಕೆಂಪು ಬೊಟ್ಟಿನ ಬಟನ್ ಒತ್ತಿದೆ. ಫೋನು ಹೋಯಿತು, ಖೈರಿಯತ್ ಎಂದಿತು, ಮುಗಿಯಿತು. ಅರ್ಧ ನಿಮಿಷದಲ್ಲಿ ತಾನೇ ಮತ್ತೆ ಮಾಡಿತು. ಮತ್ತೆ ಮಾಡಿತು. ಒಂದು ಫೋನಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತು ಕಾಯಬೇಕೆಂದು ಹೇಳುವ ಬೇರೆ ಆಜ್ಞೆಯಿದೆ. ಅದಕ್ಕೆ ಒಂದು ಇಡೀ ದಿನದ ಸೆಕೆಂಡುಗಳನ್ನು ಕೊಟ್ಟೆ, ಎಂಬತ್ತಾರು ಸಾವಿರದ ನಾನೂರು. ಪೆಟ್ಟಿಗೆ ತೆಪ್ಪಗಾಯಿತು, ಇನ್ನು ನಾಳೆ ಸಾಹೇಬರು ಒತ್ತುವವರೆಗೆ ಸುಮ್ಮನಿರುತ್ತದೆ ಎಂದುಕೊಂಡೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

"ಏನ್ ಮಾಡ್ದೆ?" ಸಾಹೇಬರು ಅಡುಗೆಮನೆಯಿಂದ ಕೇಳಿದರು.

"ಇನ್ಮೇಲೆ ಫೋನು ತಪ್ಪೋದೇ ಇಲ್ರಿ."

"ಒಂದೊಂದ್ಸಲ ತಪ್ಪೋದೂ ಬೇಕು ಕಣಮ್ಮಾ" ಎಂದರು. ತಮಾಷೆ ಎಂದುಕೊಂಡೆ. ಚಹಾ ಕುಡಿದು ಬಂದೆ.

ಆಮೇಲೆ ಮೂರು ವಾರ ಫೋನು ಒಂದು ದಿನವೂ ತಪ್ಪಲಿಲ್ಲ. ಬರುತ್ತಿದೆಯಲ್ಲ ಎಂಬ ನೆಮ್ಮದಿಯಲ್ಲಿ ನಾನು ಎರಡು ಭಾನುವಾರ ಹೋಗುವುದನ್ನೇ ಮುಂದೂಡಿದೆ. ನಡುವೆ ಒಮ್ಮೆ ಸಾಹೇಬರು ಆಫೀಸಿಗೆ ಫೋನು ಮಾಡಿ, "ಯಾವಾಗ ಬರ್ತೀಯ? ಒಂದು ಪಾಠ ಇದೆ" ಎಂದಿದ್ದರು. ಅಲ್ಲೇ ಹೇಳ್ರಿ ಎಂದೆ. "ನಕ್ಕೋ, ಫೋನಲ್ಲಿ ಬೇಡ, ಮನೆಗೆ ಬಾ" ಎಂದರು. ಬರುವ ಭಾನುವಾರ ಎಂದೆ.

ಆ ಭಾನುವಾರಕ್ಕೆ ಮುಂಚಿನ ಗುರುವಾರ ಬೆಳಿಗ್ಗೆ ಅವರ ಮಗಳು ಹೊಸೂರಿನಿಂದ ಫೋನು ಮಾಡಿದಳು. ಮೇಲಿನ ಮನೆಯ ಬಾಡಿಗೆಯವನು ಗೇಟಿನ ಚೀಲದಲ್ಲಿ ಮೂರು ದಿನದ ಹಾಲಿನ ಪಾಕೀಟುಗಳನ್ನು ನೋಡಿ ಅವಳಿಗೆ ತಿಳಿಸಿದ್ದ. "ಅಕ್ಕಾ, ಅಬ್ಬಾ ಫೋನ್ ಎತ್ತುತಾ ಇಲ್ಲ. ಬೀಗದ ಕೈ ನಿಮ್ಮ ಹತ್ರ ಇದೆಯಲ್ವಾ?"

"ಹೆದರ್ಬೇಡಿ, ನಿನ್ನೆ ಮಧ್ಯಾಹ್ನ ಒಂದೂವರೆಗೆ ಫೋನ್ ಬಂದಿತ್ತು. ನಾನೇ ಕೇಳಿದೀನಿ. ಏನೂ ಆಗಿಲ್ಲ" ಎಂದೆ. ಮೆಟ್ರೋದಲ್ಲೂ ಅದನ್ನೇ ನನಗೆ ನಾನು ಹೇಳಿಕೊಂಡೆ. ಹಾಲು ತೆಗೆಯಲು ಮರೆತಿರಬೇಕು, ವಯಸ್ಸಾಯಿತು.

ಬಾಗಿಲು ತೆಗೆದೆ. ಸಾಹೇಬರು ನೆಲದ ಮೇಲೆ, ಕಂಪ್ಯೂಟರಿನ ಮೇಜಿನ ಕಾಲ ಬಳಿ ಮಗ್ಗುಲಾಗಿ ಬಿದ್ದಿದ್ದರು. ಬಚ್ಚಲ ಬಾಗಿಲಿನಿಂದ ಅಲ್ಲಿಯವರೆಗೆ ಚಾಪೆ ಸುಕ್ಕುಸುಕ್ಕಾಗಿ ಎಳೆದುಕೊಂಡು ಬಂದಿತ್ತು. ಮೋಡೆಮ್‌ನಿಂದ ಗೋಡೆಗೆ ಹೋಗುವ ಟೆಲಿಫೋನ್ ತಂತಿ ಅವರ ಬೆರಳುಗಳಿಗೆ ಸುತ್ತಿಕೊಂಡು ಬಿಗಿದು ನಿಂತಿತ್ತು. ಗೋಡೆಯಿಂದ ಕಿತ್ತು ಬಂದಿರಲಿಲ್ಲ. ಬಲಗಿವಿಯಲ್ಲಿ ಹತ್ತಿಯ ಉಂಡೆ ಹಾಗೇ ಇತ್ತು.

ಪಕ್ಕದ ಕ್ಲಿನಿಕ್ಕಿನ ಡಾಕ್ಟರು ಬಂದು ನೋಡಿದರು. "ಸೋಮವಾರ ಸಂಜೆ ಬಿದ್ದಿರ್ಬೇಕು. ಸೊಂಟ ಮುರಿದಿದೆ. ಆಮೇಲೂ ಸ್ವಲ್ಪ ಹೊತ್ತು ಜೀವ ಇತ್ತು ಅನ್ಸುತ್ತೆ, ಇಷ್ಟು ದೂರ ತೆವಳಿದಾರೆ. ಮಂಗಳವಾರದವರೆಗೂ ಇದ್ರೋ ಏನೋ, ಹೇಳಕ್ಕಾಗಲ್ಲ."

ಸೋಮವಾರ ಸಂಜೆ. ಹಾಗಾದರೆ ಮಂಗಳವಾರ ಒಂದೂವರೆಗೆ ಖೈರಿಯತ್ ಎಂದವರು ಯಾರು? ಬುಧವಾರ ಎಂದವರು ಯಾರು? ಮಂಚದ ಮೇಲೆ ಅವರ ಹೆಂಡತಿಯ ದಿಂಬು ಇನ್ನೂ ಇತ್ತು. ಕೆಂಪು ಬೊಟ್ಟು ಹಾಗೇ ಹೊಳೆಯುತ್ತಿತ್ತು. ನನ್ನದು ದೆವ್ವ ಭೂತ ನಂಬುವ ಮನಸ್ಸಲ್ಲ. ಆದರೂ ಆ ಬೆಳಿಗ್ಗೆ ಆ ಬಟನ್ನಿಗೆ ಬೆನ್ನು ಹಾಕಿ ಕೂರಲು ನನ್ನಿಂದ ಆಗಲಿಲ್ಲ. ಆಕೆಯ ಎಡಗೈ ನೆನಪಾಗುತ್ತಿತ್ತು.

ಮಗಳು ಬಂದಳು. ಶಿವಾಜಿನಗರದಿಂದ ನೆಂಟರು ಬಂದರು. ತಂತಿ ಹಿಡಿದಿದ್ದ ಬೆರಳುಗಳನ್ನು ಯಾರೋ ಬಿಡಿಸುತ್ತ, "ಪಾಪ, ಫೋನ್ ಮಾಡಕ್ಕೆ ನೋಡಿದಾರೆ" ಎಂದರು. ಸ್ನಾನ ಮಾಡಿಸಿದರು, ಬಿಳಿ ಬಟ್ಟೆ ಉಡಿಸಿದರು. ಮಧ್ಯಾಹ್ನದ ನಮಾಜಿಗೆ ಮೊದಲು ಗಂಡಸರು ಅವರನ್ನು ಹೊತ್ತುಕೊಂಡು ಹೋದರು. ಮನೆಯಲ್ಲಿ ಹೆಂಗಸರು ಉಳಿದೆವು.

ಒಂದೂವರೆಗೆ ಮೋಡೆಮ್‌ನ ಕೆಂಪು ದೀಪಗಳು ಒಂದೊಂದಾಗಿ ಹತ್ತಿದವು. ಯಾರೂ ಮುಟ್ಟಿರಲಿಲ್ಲ. ಪೆಟ್ಟಿಗೆ ಟಕಟಕನೆ ನಂಬರು ತಿರುಗಿಸಿ ಕಿರುಚಿತು. ಮುದುಕಿಯೊಬ್ಬರು ಅಲ್ಲಾ ಎಂದು ಎದೆ ಹಿಡಿದುಕೊಂಡರು. ಅತ್ತ ಹಲಸೂರಿನಲ್ಲಿ, ನನ್ನ ಖಾಲಿ ಕುರ್ಚಿಯ ಮುಂದಿನ ಪರದೆಯ ಮೇಲೆ, ಸಾಹೇಬರು ಕ್ಷೇಮವಾಗಿದ್ದಾರೆ ಎಂದು ಮೂಡಿರಬೇಕು.

ಆಗ ನನಗೆ ತಿಳಿಯಿತು. ಕಡಿದರೆ ಮತ್ತೆ ಮಾಡು ಎಂದು ನಾನು ಹೇಳಿದ್ದೆ. ಆದರೆ ಮಾತು ಮುಗಿದು ಇಟ್ಟ ಫೋನಿಗೂ ನಡುವೆ ಕಡಿದ ಫೋನಿಗೂ ಆ ಡೀಮನ್ನಿಗೆ ವ್ಯತ್ಯಾಸ ಗೊತ್ತಿಲ್ಲ. ಎರಡೂ ಅದಕ್ಕೆ ಒಂದೇ. ಅದು ಮುಗಿಸಿತು, ಮಲಗಲಿಲ್ಲ, ಒಂದು ದಿನ ಕಾಯಿತು, ಮತ್ತೆ ಮಾಡಿತು. ನಾನು ತಿದ್ದಿದ ಭಾನುವಾರದಿಂದ ಆ ಫೋನಿಗೆ ಯಾರ ಬೆರಳೂ ಬೇಕಾಗಿರಲಿಲ್ಲ. ಅದಕ್ಕೆ ಮೊದಲು ಐದು ನಿಮಿಷ ಹಿಂದೆ, ಹತ್ತು ನಿಮಿಷ ಮುಂದೆ ಬರುತ್ತಿದ್ದದ್ದು ಈ ಮೂರು ವಾರ ಗಡಿಯಾರದ ಹಾಗೆ, ದಿನಕ್ಕೆ ಅರ್ಧ ನಿಮಿಷವಷ್ಟೇ ಜರುಗುತ್ತ ಬಂದಿತ್ತು. ಸಾಹೇಬರ ಕಿವಿಯಾಗಿದ್ದರೆ ಎರಡನೆಯ ದಿನವೇ ಹಿಡಿಯುತ್ತಿತ್ತು. ನಾನು ಕೇಳಿ ಉಂಡು ಕೈ ತೊಳೆದಿದ್ದೆ.

ಮಗಳಿಗೆ ಎಲ್ಲ ಹೇಳಿದೆ, ಮುಚ್ಚಿಡಲಿಲ್ಲ. ಅವಳು ಆ ಪೆಟ್ಟಿಗೆಯ ಕಡೆ ತಿರುಗಿದಳು.

"ಅಬ್ಬಾಗೆ ಗೊತ್ತಿತ್ತು ಅಕ್ಕಾ" ಎಂದಳು. "ಹೋದ ವಾರ ನಗ್ತಾ ಹೇಳಿದ್ರು. ಮಷೀನು ತಾನೇ ಫೋನ್ ಮಾಡ್ಕೊಳ್ತಿದೆ, ಆ ಹುಡುಗಿ ಏನೋ ತಪ್ಪು ಮಾಡಿದಾಳೆ ಅಂತ. ಸರಿ ಮಾಡಿ ಅಬ್ಬಾ ಅಂದೆ. ಅವಳೇ ಬಂದು ಮಾಡ್ಲಿ, ಆಫೀಸ್ ಫೋನಲ್ಲಿ ಹೇಳಿದ್ರೆ ನಾಲ್ಕು ಜನ ಕೇಳಿಸ್ಕೊಳ್ತಾರೆ, ಅವಳಿಗೆ ಅವಮಾನ ಅಂದ್ರು."

ನಾನು ಗೋಡೆಯ ಕಡೆ ನೋಡಿದೆ. ತಂತಿ ಈಗ ಸಡಿಲವಾಗಿ ನೆಲದ ಮೇಲೆ ಬಿದ್ದಿತ್ತು. ಸಾಹೇಬರು ಫೋನು ಮಾಡಲು ತೆವಳಿ ಬಂದದ್ದಲ್ಲ. ಅವರ ಮೊಬೈಲು ಬಚ್ಚಲಿನ ಹತ್ತಿರದ ಮಂಚದ ಮೇಲೆಯೇ ಇತ್ತು, ಅವರು ಅದನ್ನು ದಾಟಿ ಬಂದಿದ್ದರು. ಮೇಲಕ್ಕೆ ಕೈ ಎತ್ತಲಾಗಿಲ್ಲ. ನೆಲದಲ್ಲಿರುವ ತಂತಿ ಸಿಕ್ಕೀತು ಎಂದು ಬಂದಿದ್ದರು. ಮಂಗಳವಾರ ಒಂದೂವರೆಯೊಳಗೆ ಅದನ್ನು ಗೋಡೆಯಿಂದ ಕಿತ್ತುಬಿಟ್ಟರೆ ಫೋನು ಹೋಗುವುದಿಲ್ಲ. ಫೋನು ಹೋಗದಿದ್ದರೆ ನಾನು ಬೀಗದ ಕೈ ಹಿಡಿದು ಓಡಿಬರುತ್ತೇನೆ. ಅಷ್ಟು ನಂಬಿಕೆ ಅವರಿಗೆ ನನ್ನ ಮೇಲೆ ಇತ್ತು. ತಂತಿ ಕಿತ್ತು ಬರಲಿಲ್ಲ.

ಇದು ನನ್ನ ಊಹೆಯಿರಬಹುದು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸಮಾಧಾನವಾಗಿಲ್ಲ.

ಕೀಲಿಮಣೆಯ ಕೆಳಗೆ ಕ್ಯಾಲೆಂಡರಿನ ಹಾಳೆ ಇತ್ತು. ಪೊರೆಗಣ್ಣಿನಲ್ಲಿ ಬರೆದ ಪೆನ್ಸಿಲಿನ ದಪ್ಪ ಅಕ್ಷರ, ಸಾಲು ಮೇಲಕ್ಕೆ ಏರಿಹೋಗಿತ್ತು. ನಾನು ಸೇರಿಸಿದ್ದ ಪದವನ್ನು ಬರೆದು ಅದರ ಮೇಲೆ ಗೀಟು ಎಳೆದಿದ್ದರು. ಕೆಳಗೆ: 'ಮುಗಿದದ್ದು ಬೇರೆ, ಕಡಿದದ್ದು ಬೇರೆ. ಅವನಿಗೆ ಗೊತ್ತಾಗಲ್ಲ. ನೀನು ಹೇಳಬೇಕು.'

ನಾನು ಕುರ್ಚಿ ಎಳೆದುಕೊಂಡು ಕೂತೆ. ಪಾಠದಲ್ಲಿ ಇದ್ದ ಹಾಗೆಯೇ ಆ ಪದವನ್ನು ಅಳಿಸಿದೆ. ಮರೆಯಲ್ಲಿ ಕೂತಿದ್ದ ಡೀಮನ್ನನ್ನು ನಿಲ್ಲಿಸಲು ಒಂದು ಸಾಲು ಆಜ್ಞೆ ಟೈಪು ಮಾಡಿದೆ. ಎಂಟರ್ ಒತ್ತಲು ತುಂಬ ಹೊತ್ತು ಬೇಕಾಯಿತು. ತಪ್ಪು ಮಾಡಿದ ಬೆರಳೇ ತಿದ್ದಿತು. ಕೈ ಕಟ್ಟಿ ಕೂತು ನೋಡಲು ಅವರಿರಲಿಲ್ಲ. ಮಗಳು ಒಳಗೆ ಹೋಗಿ ನನಗೆ ಒಂದು ಲೋಟ ನೀರು ತಂದುಕೊಟ್ಟಳು. ಆಮೇಲೆ ಅವಳು ನನಗೆ ಫೋನು ಮಾಡಿಲ್ಲ. ನನಗೂ ಮಾಡುವ ಧೈರ್ಯ ಬಂದಿಲ್ಲ.

ಆ ಕಂಪನಿ ಈಗಿಲ್ಲ. ನಾನು ಇಂದಿರಾನಗರದ ಬೇರೊಂದು ಆಫೀಸಿನಲ್ಲಿದ್ದೇನೆ, ಅಲ್ಲಿ ಯಾವ ಪೆಟ್ಟಿಗೆಯೂ ಕಿರುಚುವುದಿಲ್ಲ. ಕೆಂಪು ದಾರದ ಬೀಗದ ಕೈ ಮಾತ್ರ ಇನ್ನೂ ನನ್ನ ಬ್ಯಾಗಿನಲ್ಲಿದೆ. ಆ ಮನೆಗೆ ಬೇರೆ ಬಾಡಿಗೆಯವರು ಬಂದಿರಬೇಕು, ಬೀಗವೂ ಬದಲಾಗಿರಬೇಕು. ನನ್ನ ಕೈಕೆಳಗಿನವರ ತಪ್ಪನ್ನು ನಾನೂ ಎಲ್ಲರ ಎದುರು ಹೇಳುವುದಿಲ್ಲ, ಅದು ಅವರಿಂದ ಬಂದದ್ದು. ಆದರೆ ನಾಳೆಗೂ ಇಡುವುದಿಲ್ಲ, ಭಾನುವಾರಕ್ಕೂ ಕಾಯುವುದಿಲ್ಲ. ಪಕ್ಕಕ್ಕೆ ಕರೆದು ಆಗಲೇ ಹೇಳಿಬಿಡುತ್ತೇನೆ.

ಆ ಗುರುವಾರದ ಮಾರನೆಯ ದಿನ, ಶುಕ್ರವಾರ, ನಾನು ಎಂದಿನಂತೆ ಹಲಸೂರಿನ ಆಫೀಸಿಗೆ ಹೋಗಿ ಬೀಗದ ಕೈಯನ್ನು ಡ್ರಾಯರಿನಲ್ಲಿ ಇಟ್ಟೆ. ಒಂದೂವರೆಗೆ ಡಬ್ಬಿ ಎದುರಿಗಿತ್ತು. ಮೋಡೆಮ್ ಸುಮ್ಮನಿತ್ತು. ಒಂದೂ ಮೂವತ್ತೈದು, ಒಂದೂ ನಲವತ್ತು. ನಾನು ಡ್ರಾಯರು ಎಳೆದು ಬೀಗದ ಕೈ ತೆಗೆದುಕೊಂಡೆ. ಚಪ್ಪಲಿ ಮೆಟ್ಟಿ, ಪಾತ್ರೆ ಅಂಗಡಿಯ ಮೆಟ್ಟಿಲು ಪೂರ್ತಿ ಇಳಿದು, ಮೆಟ್ರೋ ಕಡೆ ಓಡಲು ರಸ್ತೆಗೆ ಬಂದ ಮೇಲೆ ನೆನಪಾಯಿತು.